ಶಿಗ್ಗಾಂವಕ್ಕೆ ಸಮುದ್ರ ತಂದ ಶಟರ್ ಕಂಪನಿಗೆ

ಗಜಾರೂಢ ರೋಲಿಂಗ್ ಶಟರ್ ಕಂಪನಿಯ ಮುಖ್ಯ ವ್ಯವಸ್ಥಾಪಕರ ಸನ್ನಿಧಿಗೆ,
ಹುಬ್ಬಳ್ಳಿ

ಮಾನ್ಯರೇ,

ಶಿಗ್ಗಾಂವದಲ್ಲಿ ಹುಟ್ಟಿ, ಶಿಗ್ಗಾಂವದಲ್ಲೇ ಕಾಳುಕಡಿ ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತು ಪತ್ರಿಕೆಗಳನ್ನು ಜಾಹೀರಾತು ಸಮೇತ ಓದುತ್ತಿರುವ ಕುಬೇರಪ್ಪನೆಂಬ ನಾನು, ತಾವೂ ತಮ್ಮ ಕುಟುಂಬದವರೂ ತಮ್ಮ ಗೋದಾಮಿನಲ್ಲಿರುವ ಸಮಸ್ತ ಸ್ಪ್ರಿಂಗುಗಳೂ ತುಕ್ಕು ಹಿಡಿಯದೆ ಸುಖವಾಗಿರಲಿ ಎಂದು ಹಾರೈಸಿ ಈ ಬಹಿರಂಗ ಪತ್ರಕ್ಕೆ ಕೈಹಚ್ಚಿದ್ದೇನೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದೊಂದು ಸಾಲನ್ನು ಬಿಟ್ಟಿದ್ದೇನೆ, ಮನ್ನಿಸಬೇಕು.

ಮೊದಲು ನಮ್ಮ ತಾಲ್ಲೂಕಿನ ಸಮಸ್ತ ಜನತೆಯ ಪರವಾಗಿ ತಮಗೆ ಕೃತಜ್ಞತೆ ಸಲ್ಲಬೇಕು. ಸಮುದ್ರ ನೋಡಬೇಕೆಂದರೆ ಶಿರಸಿ ದಾಟಿ, ಘಟ್ಟ ಇಳಿದು, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಹೋಗಬೇಕಾಗಿದ್ದ ನಮಗೆ, ತಾವು ಒಂದೇ ಒಂದು ಚೀಟಿಯಿಂದ ಸಮುದ್ರವನ್ನು ಮನೆಬಾಗಿಲಿಗೆ ತಂದು ನಿಲ್ಲಿಸಿದ್ದೀರಿ. ನಮ್ಮ ಕಾರು ನಿಲ್ಲಿಸುವ ಕೋಣೆಯ ಶಟರಿನ ಸ್ಪ್ರಿಂಗು ಮುರಿದಾಗ ಅದನ್ನು ಪರೀಕ್ಷಿಸಿದ ತಮ್ಮ ಕಂಪನಿಯವರು, 'ಕರಾವಳಿಯ ತೇವದ ಹವಾಮಾನದಿಂದ ಸವೆತ. ಗ್ಯಾರಂಟಿ ಅನ್ವಯಿಸುವುದಿಲ್ಲ' ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟಿದ್ದಾರೆ. ಅದನ್ನು ಓದಿದ ಮೇಲೆ ನಾನು ಮಾಳಿಗೆ ಹತ್ತಿ ನಾಲ್ಕೂ ದಿಕ್ಕಿಗೆ ನೋಡಿದೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು, ಹಡಗು ಯಾವುದೂ ಕಾಣಲಿಲ್ಲ.

ಆದರೂ ಮೊಹರು ಒತ್ತಿದ ಮಾತನ್ನು ಅಲ್ಲಗಳೆಯುವವನು ನಾನಲ್ಲ. ತಾವು ಸಮುದ್ರವನ್ನು ಕೊಟ್ಟ ಮೇಲೆ ಅದರ ಮಿಕ್ಕ ಸೌಕರ್ಯಗಳನ್ನೂ ಒದಗಿಸಿದರೆ ಉಪಕಾರವಾಗುತ್ತದೆ. ಬಸ್ ನಿಲ್ದಾಣದ ಹಿಂದೆ ಒಂದು ದೀಪಸ್ತಂಭ ಕಟ್ಟಿಸಿಕೊಡಬೇಕು. ಹಾನಗಲ್ಲಿನಿಂದ ಬರುವ ಬಸ್ಸು ಹೇಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲವಾದ್ದರಿಂದ ಅದರ ಬದಲು ಒಂದು ದೋಣಿ ಬಿಡಿಸಬೇಕು. ಸವಣೂರಿನವರು ಖಾರಾ ಮಾರಿ ಹೆಸರು ಮಾಡಿದ್ದಾರೆ, ನಾವು ಇನ್ನು ಮೇಲೆ ಉಪ್ಪು ಬೆಳೆದು ಹೆಸರು ಮಾಡುತ್ತೇವೆ, ಅದಕ್ಕೆ ತಕ್ಕ ಗದ್ದೆ ತೋರಿಸಬೇಕು. ಮೀನು ಮಾತ್ರ ನಮಗೆ ಬೇಡ, ನಾವು ಲಿಂಗವಂತರು. ಬರೀ ಗಾಳಿ ಬಂದರೆ ಸಾಕು.

ಇಷ್ಟು ವಿನಂತಿಸಿಕೊಂಡು ಪತ್ರ ಮುಗಿಸಬಹುದಿತ್ತು. ಆದರೆ ಮುರಿದದ್ದು ಸ್ಪ್ರಿಂಗು ಒಂದೇ ಆಗಿದ್ದರೆ ನಾನು ತಮಗೆ ಇಷ್ಟು ತೊಂದರೆ ಕೊಡುತ್ತಿರಲಿಲ್ಲ. ಹುಲಗೂರಿನ ರಮೀಜ ಎಂಬ ವೆಲ್ಡಿಂಗಿನವನು ಬಂದು ಹಳೆಯ ಸ್ಪ್ರಿಂಗು ತೆಗೆದು ಹೊಸದು ಹಾಕಿ ಹೋಗಿದ್ದಾನೆ, ಶಟರು ಈಗ ಒಂದು ಬೆರಳಿಗೆ ಏಳುತ್ತದೆ. ಏಳದೆ ಕುಳಿತಿರುವುದು ನನ್ನ ಹೆಂಡತಿ ಸರೋಜವ್ವ.

ವಿಷಯ ಹೀಗಿದೆ. ಸರೋಜವ್ವನ ಅಕ್ಕ ಮಹಾದೇವಕ್ಕ ಹಾನಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಇಬ್ಬರ ತವರೂ ಹಿರೇಕೆರೂರು ತಾಲ್ಲೂಕಿನ ಅಬಲೂರು. ಮಹಾದೇವಕ್ಕನ ಮೊಣಕಾಲು ಕೆಟ್ಟು ಬಸ್ಸಿನ ಮೆಟ್ಟಿಲು ಹತ್ತುವುದು ನಿಂತ ಮೇಲೆ ಅವರು ತವರಿನ ಮುಖ ಕಂಡಿಲ್ಲ. ಅಬಲೂರಿನ ಹಳೆಯ ಗುಡಿಯ ಕಲ್ಲುಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತು ಬರಬೇಕೆಂಬುದು ಅವರ ಆಸೆ. ಬಾಡಿಗೆ ಕಾರು ಮಾಡಿಕೊಡುತ್ತೇನೆಂದು ನಾನು ಎಷ್ಟೋ ಸಲ ಹೇಳಿದೆ. ಸಣ್ಣವಳಿದ್ದಾಗ ಸರೋಜವ್ವನಿಗೆ ಅದೇ ಗುಡಿಯ ಮುಂದೆ ಸೈಕಲ್ಲಿನ ಹಿಂದೆ ಓಡಿ ಓಡಿ ಸವಾರಿ ಕಲಿಸಿದವರು ಮಹಾದೇವಕ್ಕ. ಹೀಗಾಗಿ ಅವರದು ಒಂದೇ ಹಟ: "ಸರೋಜಾ ಗಾಡಿ ಹೊಡದ್ರ ಬರ್ತೇನಿ, ಇಲ್ಲಾಂದ್ರ ಒಲ್ಲೆ." ಸರೋಜವ್ವ ಈ ವಯಸ್ಸಿನಲ್ಲಿ ಕಾರು ಕಲಿತದ್ದು ಈ ಒಂದು ಮಾತಿಗಾಗಿ. ಕಲಿಯುವಾಗ ನಮ್ಮ ಓಣಿಯ ಎರಡು ಕಟ್ಟೆಗಳು ಸ್ವಲ್ಪ ಕಿರಿದಾದವು, ಆದರೆ ಕಲಿತಳು, ಮತ್ತು ಚೆನ್ನಾಗಿ ಕಲಿತಳು. ನನಗೆ ಕಾರು ಬರುವುದಿಲ್ಲ. ಪಕ್ಕದಲ್ಲಿ ಕುಳಿತು ಎರಡೂ ಕೈಯಿಂದ ಬಾಗಿಲು ಹಿಡಿದುಕೊಳ್ಳುವುದು ಬರುತ್ತದೆ.

ಕಾರು ಬಂದ ಮೇಲೆ ಅದಕ್ಕೊಂದು ಕೋಣೆ, ಕೋಣೆಗೆ ತಮ್ಮ ಶಟರು. ಅದನ್ನು ಕೂಡಿಸಲು ಬಂದ ತಮ್ಮ ಫಿಟ್ಟರು ಕೆಲಸ ಮುಗಿಸಿ ಚಹಾ ಕುಡಿಯುತ್ತ, ಮೇಲಿನ ಸ್ಪ್ರಿಂಗು ತೋರಿಸಿ, "ಅವ್ವಾರ, ಶಟರಿನ ಜೀವ ಎಲ್ಲಾ ಇದರಾಗ ಐತ್ರಿ, ಇದನ್ನ ಚೆಂದ ನೋಡ್ಕೋರಿ" ಎಂದುಬಿಟ್ಟ. ಎಣ್ಣೆ ಹಾಕಿರಿ, ಗ್ರೀಸು ಹಚ್ಚಿರಿ ಎಂದು ಅವನ ಮನಸ್ಸಿನಲ್ಲಿ ಇದ್ದಿರಬೇಕು. ಜೀವ ಇರುವ ವಸ್ತುವನ್ನು ಚೆಂದ ನೋಡಿಕೊಳ್ಳುವುದೆಂದರೆ ನಮ್ಮ ಮನೆಯಲ್ಲಿ ಅರ್ಥವೇ ಬೇರೆ. ಅಮಾವಾಸ್ಯೆಗೆ ಎಲ್ಲರೂ ಗಾಡಿಯ ಮುಂದೆ ಕಾಯಿ ಒಡೆದು ಸುಮ್ಮನಾಗುತ್ತಾರೆ. ಸರೋಜವ್ವ ಪ್ರತಿ ಅಮಾವಾಸ್ಯೆಗೆ ಸ್ಟೂಲು ಹತ್ತಿ, ಸ್ಪ್ರಿಂಗಿಗೆ ವಿಭೂತಿ ಬಳಿದು, ಅರಿಷಿಣ ಕುಂಕುಮ ಏರಿಸಿ, ಕಾಯಿ ಒಡೆದು, ಆ ಕಾಯಿನೀರನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಸ್ಪ್ರಿಂಗಿನ ಒಳಸುರುಳಿಗೆ ಹುಯ್ಯುತ್ತ ಬಂದಳು. ಸ್ಟೂಲು ಹಿಡಿದುಕೊಂಡು ನಿಲ್ಲುತ್ತಿದ್ದವನು ನಾನೇ.

ಅಬಲೂರಿಗೆ ಹೊರಡುವ ದಿನ ಬಂತು. ಕಟಿ ರೊಟ್ಟಿ, ಶೇಂಗಾ ಚಟ್ನಿ, ಅಕ್ಕನಿಗೆ ಕೂಡಲು ಮೆತ್ತನೆಯ ದಿಂಬು ಎಲ್ಲ ಕಾರಿನೊಳಗೆ ಸೇರಿದ್ದವು. ಸರೋಜವ್ವ ಹೊಸ ಇಳಕಲ್ಲ ಸೀರೆ ಉಟ್ಟು ಬೆಲ್ಟು ಬಿಗಿದು ಕುಳಿತಿದ್ದಳು. ನಾನು ಶಟರು ಎತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮೇಲೆ ಗರ್ನಾಲು ಹಾರಿದ ಸದ್ದಾಗಿ, ಇಡೀ ಶಟರು ನನ್ನ ಕಾಲ್ಬೆರಳಿನ ಮುಂದೆ ಬಂದು ಬಿತ್ತು. ಸರೋಜವ್ವ ಕಾರಿನಿಂದ ಇಳಿದಳು. ಮೊದಲು ನನ್ನ ಕಾಲು ನೋಡಿದಳು, ಆಮೇಲೆ ಶಟರು ನೋಡಿದಳು. "ದೇವರು ಬ್ಯಾಡ ಅಂದಾನ. ಇನ್ನ ನಾ ಗಾಡಿ ಮುಟ್ಟಂಗಿಲ್ಲ" ಎಂದು ಕಾರಿನ ಕೀಲಿಯನ್ನು ಒಯ್ದು ದೇವರಮನೆಯ ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟಳು. ಅಂದಿನಿಂದ ಕೀಲಿಗೆ ಎರಡು ಹೊತ್ತು ಊದಿನಕಡ್ಡಿ ಆಗುತ್ತಿದೆ. ಹಾನಗಲ್ಲಿನಿಂದ ಮಹಾದೇವಕ್ಕ ಫೋನು ಮಾಡಿದರೆ ಸರೋಜವ್ವ ಎತ್ತುವುದಿಲ್ಲ. ನಾನು ಎತ್ತಿದರೆ ಅವರು ಗಟ್ಟಿಯಾಗಿ ಏನೂ ಕೇಳುವುದಿಲ್ಲ, ದಿಂಬು ಕಾರಿನಲ್ಲೇ ಇದೆಯೋ ತೆಗೆದಿರೋ ಎಂದಷ್ಟೇ ಕೇಳುತ್ತಾರೆ. ಆ ಮಾತು ಕೇಳಿ ನನಗೆ ಊಟ ಸೇರುವುದಿಲ್ಲ, ಮಾನ್ಯರೇ.

ಹೀಗಿರುವಾಗ ತಮ್ಮ ಪರೀಕ್ಷಕರಾದ ಕೌಸ್ತುಭ ಎಂಬ ಸಜ್ಜನರು ಬಂದರು. ಸ್ಪ್ರಿಂಗಿನೊಳಗೆ ಬೆರಳು ಹಾಕಿ ತೆಗೆದರು. ಬೆರಳಿಗೆ ಕೆಂಪು ಹಳದಿ ಕೆಸರು, ಜೊತೆಗೆ ಕಾಯಿಯ ನಾರು. ಮೂಸಿ ನೋಡಿ ನನ್ನ ಕಿವಿಯಲ್ಲಿ, ಕಾಯಿನೀರು ಇಳಿದು ಇಳಿದು ತುಕ್ಕು ತಿಂದಿದೆ, ಬೇರೇನೂ ಅಲ್ಲ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ದೇವರು ಬೇಡ ಅಂದಿಲ್ಲವಲ್ಲ, ತುಕ್ಕು ಬೇಡ ಅಂದದ್ದು. ಅಷ್ಟರಲ್ಲಿ ಸರೋಜವ್ವ ಗಿರಮಿಟ್ಟು ಮಿರ್ಚಿ ತುಂಬಿದ ತಾಟು ಹಿಡಿದು ಬಂದು, ಮೆಲ್ಲಗೆ ಕೇಳಿದಳು: "ಏನಾಗಿತ್ತಪಾ ಅದಕ್ಕ? ನನ್ನಿಂದೇನರ ತಪ್ಪಾಗೈತೇನು?"

ತಮ್ಮ ಪರೀಕ್ಷಕರು ಆಕೆಯ ಮುಖ ನೋಡಿದರು, ಮಿರ್ಚಿ ನೋಡಿದರು, ಕಡೆಗೆ ನನ್ನನ್ನು ನೋಡಿದರು. ನಾನು ಮಾಳಿಗೆಯ ತೊಲೆ ನೋಡುತ್ತಿದ್ದೆ. ಅಷ್ಟು ಭಕ್ತಿಯಿಂದ ಹುಯ್ದ ನೀರೇ ಸ್ಪ್ರಿಂಗನ್ನು ಮುರಿಯಿತೆಂದು ಹೇಳುವ ಧೈರ್ಯ ಈ ಮನೆಯ ಯಜಮಾನನಿಗೇ ಇಲ್ಲದಾಗ ಹೊರಗಿನವರಿಗೆ ಎಲ್ಲಿಂದ ಬರಬೇಕು? ಅವರು ಹವಾಮಾನ ಎಂದರು. ಎಂಥ ಹವಾಮಾನ ಎಂದು ಆಕೆ ಕೇಳಿದಾಗ, ತಮ್ಮ ಅಚ್ಚಿನ ಚೀಟಿಯಲ್ಲಿ ತೇವಕ್ಕೆ ಹೊಂದುವ ಕಾರಣ ಅದೊಂದೇ ಇದ್ದದ್ದರಿಂದ, ಕರಾವಳಿಯದು ಎಂದು ಬರೆದುಕೊಟ್ಟು, ಇನ್ನೊಂದು ಮಿರ್ಚಿ ತೆಗೆದುಕೊಂಡು ಹೋದರು. ಇಂಥ ವಿನಯವಂತರನ್ನು ನೌಕರಿಗೆ ಇಟ್ಟುಕೊಂಡಿರುವ ತಮ್ಮ ಕಂಪನಿಯನ್ನು ಎಷ್ಟು ಹೊಗಳಿದರೂ ಸಾಲದು.

ಆದರೆ ಆ ವಿನಯದ ಫಲ ನೋಡಿರಿ. ಸರೋಜವ್ವ ಚೀಟಿಯನ್ನು ಓದಿ, ಇಲ್ಲಿ ಸಮುದ್ರ ಎಲ್ಲಿದೆ, ಕಂಪನಿಯವರಿಗೂ ಕಾರಣ ಸಿಗದೆ ಏನೋ ಬರೆದಿದ್ದಾರೆ, ಮನುಷ್ಯರಿಗೆ ಸಿಗದ ಕಾರಣವೆಂದರೆ ದೇವರದೇ ಎಂದು ತೀರ್ಮಾನಿಸಿದಳು. ಮೊದಲು ಅನುಮಾನವಾಗಿದ್ದದ್ದು ಈಗ ತಮ್ಮ ಮೊಹರು ಬಿದ್ದು ಖಾತ್ರಿಯಾಗಿದೆ.

ಆದಕಾರಣ ನನಗೆ ಪರಿಹಾರವೂ ಬೇಡ, ಪುಕ್ಕಟೆ ಸ್ಪ್ರಿಂಗೂ ಬೇಡ, ದೀಪಸ್ತಂಭವನ್ನೂ ತಾವು ಸಾವಕಾಶವಾಗಿ ಕಟ್ಟಿಸಬಹುದು. ನಮ್ಮ ಮನೆಗೆ ಒಬ್ಬ ಗಟ್ಟಿ ಗುಂಡಿಗೆಯ ನೌಕರನನ್ನು ಕಳಿಸಿಕೊಡಬೇಕು. ಅವನು ಬರುವಾಗ ಹೊಟ್ಟೆ ತುಂಬ ಉಂಡು ಬರಬೇಕು, ಸರೋಜವ್ವ ಕೊಟ್ಟದ್ದನ್ನು ಮುಟ್ಟಬಾರದು, ಸಾಧ್ಯವಾದರೆ ಆಕೆಯ ಮುಖವನ್ನೂ ನೋಡಬಾರದು. ನಿಂತ ಕಾಲಲ್ಲೇ, 'ಅವ್ವಾರ, ಇದು ಅಪಶಕುನ ಅಲ್ಲ, ಕಾಯಿನೀರು' ಎಂದು ಹೇಳಿ ಹೊರಟುಬಿಡಬೇಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ, ಎಂದರೆ ಅಂದು ತಮ್ಮನ ಅಂಗಡಿಯಲ್ಲಿ ಇರುತ್ತೇನೆ. ಈ ಪತ್ರವನ್ನು ಪತ್ರಿಕೆಗೂ ಕಳಿಸುವವನಿದ್ದೇನೆ. ಜಿಲ್ಲೆಯಲ್ಲಿ ಬೇರೆ ಯಾರಾದರೂ ಧೈರ್ಯವಂತರಿದ್ದರೆ ಅವರೂ ಬರಬಹುದು.

ಶಿಗ್ಗಾಂವದ ಸಮುದ್ರ ದಂಡೆಯಿಂದ,
ತಮ್ಮ ವಿಶ್ವಾಸಿ,
ಕುಬೇರಪ್ಪ

ತಾ. ಕ.: ಇದನ್ನ ಬರಿಯಾಕತ್ತಾಕಿ ನಾನು, ಸರೋಜವ್ವ. ನಮ್ಮನಿಯವರು ಪತ್ರ ಬರದು, ನಾ ದಿನಾ ಮುಂಜಾನೆ ಹಚ್ಕೊಳ್ಳೋ ವಿಭೂತಿ ಗಟ್ಟಿ ಕೆಳಗ ಇಟ್ಟು, ಕಾಯಿಪಲ್ಯ ತರ್ತೇನಿ ಅಂತ ಹೋದವರು ಇನ್ನೂ ಬಂದಿಲ್ಲ. ಬಾಯಿಲೆ ಹೇಳಿದ್ರ ನಾ ಏನು ನುಂಗತಿದ್ದಿಲ್ಲ. ಇರಲಿ, ಹೇಳಿದ್ರಲ್ಲ. ಓದಿ ಒಂದೀಟು ಅತ್ತೆ, ಆಮ್ಯಾಲೆ ಭಾಳ ನಕ್ಕೆ. ಜಗಲಿ ಮ್ಯಾಲಿನ ಕೀಲಿ ತಗೊಂಡೇನಿ, ಅಕ್ಕಗೂ ಫೋನ್ ಮಾಡೇನಿ. ನಾಳೆ ಅಕಿನ್ನ ಕರಕೊಂಡು ಅಬಲೂರಿಗೆ ಹೋಗಿ, ಗುಡಿ ಕಟ್ಟಿ ಮ್ಯಾಲೆ ಕುಂತು ರೊಟ್ಟಿ ತಿಂದು, ಬಂದ ಮ್ಯಾಲೆ ಒಂದಿನ ನಿಮ್ಮ ಹುಬ್ಬಳ್ಳಿ ಆಫೀಸಿಗೂ ನಾನ ಗಾಡಿ ಹೊಡಕೊಂಡು ಬರ್ತೇನಿ. ನಿಮ್ಮ ಮುರಕ ಸ್ಪ್ರಿಂಗು ಡಿಕ್ಕ್ಯಾಗ ಐತಿ. ಅದರ ಕೂಡ ಒಂದು ಚೀಲ ಕಾಯೀನೂ ತರ್ತೇನಿ. ನಿಮ್ಮ ಆಫೀಸಿನ ಶಟರಿನ ಜೀವ ಎಲ್ಲೈತಿ ಅಂತ ತೋರಸಾಕ ಒಬ್ಬಾಂವನ್ನ ನಿಂದ್ರಿಸಿರ್ರಿ.