ತಲೆಯಲ್ಲಿದ್ದ ಪ್ಲಾನು

ನನ್ನ ಹೆಂಡತಿ ನನಗೆ ಕೊನೆಗೆ ಹೇಳಿದ್ದು ಒಂದೇ ಮಾತು. "ತಲೆ."

ತಲೆನೋವು ಅಂತಲ್ಲ. ಸಾರಕ್ಕಿಯ ನಮ್ಮ ಮನೆಯ ಮುಂಬಾಗಿಲ ಮೇಲೆ ಮೆಟ್ಟಿಲು ಹಾದು ಹೋಗುತ್ತದೆ. ಬಗ್ಗದೆ ದಾಟಿದರೆ ಹಣೆಗೆ ತಗಲುತ್ತದೆ. ಬಗ್ಗಿ ಅನ್ನೋದಕ್ಕೆ ಅವಳು ಅಷ್ಟೇ ಹೇಳುತ್ತಿದ್ದಳು. ಆವತ್ತು ಸಾಯಂಕಾಲ ಅವಳಿಗೆ ಗಂಜಿ ಕುಡಿಸಿ, ಮಾತ್ರೆ ತರೋಕೆ ಹೊರಟೆ. ಮಲಗಿದ್ದಲ್ಲಿಂದಲೇ ಅಂದಳು. ಬಗ್ಗಿದೆ. ಹೋದೆ. ಬರೋ ಹೊತ್ತಿಗೆ ಅವಳಿರಲಿಲ್ಲ.

ಆ ಮೆಟ್ಟಿಲು ಕಟ್ಟಿದ್ದು ನಾನೇ. ನಾನು ಗಾರೆ ಮೇಸ್ತ್ರಿ. ಓದಿದ್ದು ಮೂರನೇ ಕ್ಲಾಸು. ಬನಶಂಕರಿ, ಜೆ.ಪಿ. ನಗರದ ಸೈಟುಗಳಲ್ಲಿ ಇನ್ನೂ ರಾಗಿ ಕೂಳೆ ಇದ್ದಾಗಿನಿಂದ ಮನೆ ಕಟ್ಟಿದೀನಿ. ಪ್ಲಾನಿಗೆ ದುಡ್ಡು ಕೊಡೋ ಮಾತು ಬಂದರೆ ಎಂಥ ಬುದ್ಧಿವಂತರೂ ಒಂದು ಥರ ಆಗಿಬಿಡುತ್ತಾರೆ. ನಾನು ಕೆಲಸ ಮಾಡಿದ ಕಡೆಯೆಲ್ಲ ಇದು ತಪ್ಪಲಿಲ್ಲ. ಅವಳೂ ನನ್ನ ಜೊತೆ ಗಾರೆ ಹೊರುತ್ತಿದ್ದಳು. ಇವನ್ನೆಲ್ಲ ಹೇಳಿ ಜನರನ್ನ ನಗಿಸುತ್ತಿದ್ದೋಳು ಅವಳೇ. ನನಗೆ ಅವಳ ಹಾಗೆ ಹೇಳೋಕೆ ಬರಲ್ಲ.

ದೇವರ ಮುಂದಿನ ಪ್ಲಾನು

ಜಯನಗರದಲ್ಲಿ ಒಬ್ಬರು ಬ್ಯಾಂಕಿನವರು. ಆಗ ಸಿಮೆಂಟಿಗೆ ಪರ್ಮಿಟ್ಟು. ಪ್ಲಾನು ತೋರಿಸದೆ ಪರ್ಮಿಟ್ಟಿಲ್ಲ. ಅದಕ್ಕೇ ಅಂತ ಎಂಜಿನಿಯರಿಗೆ ಮುನ್ನೂರು ರೂಪಾಯಿ ಕೊಟ್ಟು ಬರೆಸಿದ್ದರು. ಒಂದು ಕಾಗದಕ್ಕೆ ಮುನ್ನೂರು ಅಂತ ಹೊಟ್ಟೆ ಉರಿದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಬಾಡಿಗೆ ಮನೆಯ ದೇವರ ಮುಂದೆ ಇಟ್ಟಿದ್ದರು.

"ಸಾರ್, ಪ್ಲಾನು ಕೊಡಿ. ಗುರುತು ಹಾಕ್ಬೇಕು," ಅಂದೆ.

"ಮುಟ್ಬೇಡಪ್ಪ, ಗಾರೆ ಕೈ. ನಾನೇ ಹಿಡ್ಕೋತೀನಿ. ನೀನು ನೋಡ್ಕೋ."

ತೆಳು ಕಾಗದ. ಬಿಸಿಲಿಗೆ ಎತ್ತಿ ಹಿಡಿದುಕೊಂಡು ಅವರು ಆ ಕಡೆ ನಿಂತರು. ನಾನು ಈ ಕಡೆ ನಿಂತೆ. ಗೆರೆಗಳೆಲ್ಲ ಚೆನ್ನಾಗೇ ಕಂಡವು. ಬರೆದಿದ್ದು ಇಂಗ್ಲಿಷು. ಅದು ನನಗೆ ಯಾವ ಕಡೆಯಿಂದ ನೋಡಿದರೂ ಒಂದೇ. ಕಂಡ ಹಾಗೇ ದಾರ ಕಟ್ಟಿ ಸುಣ್ಣದ ಪುಡಿ ಎಳೆದೆ. ಎಡಗಡೆ ಇರಬೇಕಾದ್ದು ಬಲಕ್ಕೆ ಬಂತು, ಬಲದ್ದು ಎಡಕ್ಕೆ ಹೋಯಿತು. ಗೃಹಪ್ರವೇಶದವರೆಗೆ ಯಾರಿಗೂ ತಿಳಿಯಲಿಲ್ಲ.

ಗೃಹಪ್ರವೇಶಕ್ಕೆ ಎಂಜಿನಿಯರು ಬಂದರು. ಆರಡಿ ಆಳು, ಮಾತು ಕಮ್ಮಿ. ಊಟ ಮಾಡಿ ಕೈ ತೊಳೆಯೋಕೆ ಎದ್ದರು. ಬಚ್ಚಲು ಎಲ್ಲಿ ಅಂತ ಕೇಳಲಿಲ್ಲ. ಪ್ಲಾನು ಬರೆದವರು, ಕೇಳೋದೇನು. ನೇರ ಹೋಗಿ ಬಾಗಿಲು ತಳ್ಳಿದರು. ಒಳಗೆ ದೇವರ ದೀಪ ಉರೀತಿತ್ತು. ಸ್ವಲ್ಪ ಹೊತ್ತು ನಿಂತು ಹಿಂದಕ್ಕೆ ಬಂದರು.

"ಕೈ ತೊಳೆದ್ರಾ ಸಾರ್?" ಅಂದರು ಮನೆಯವರು.

"ಇಲ್ಲ," ಅಂದರು. "ಮುಗಿದೆ."

ಗೇಟಿನ ಹತ್ರ ನಿಂತೋನು

ಬನಶಂಕರಿಯಲ್ಲಿ ಒಬ್ಬರು ಸ್ಕೂಲ್ ಮೇಷ್ಟ್ರು. ಅವರ ಮನೆಯಲ್ಲಿ ಯಜಮಾನಿಕೆ ಅವರ ತಾಯಿಯದು. ಮನೆ ಮುಂದಿನಿಂದ ಹೇಗೆ ಕಾಣುತ್ತೆ ಅಂತ ಪ್ಲಾನು ಬರೆದವರು ಅದರ ಜೊತೆ ಒಂದು ಚಿತ್ರವನ್ನೂ ಬರೆದು ಕೊಟ್ಟಿದ್ದರು. ಚಂದಕ್ಕೆ ಪಕ್ಕದಲ್ಲೊಂದು ಮರ, ಗೇಟಿನ ಹತ್ರ ಒಬ್ಬ ಮನುಷ್ಯ.

ಮನೆ ಮುಗಿದು ಕಾಂಪೌಂಡ್ ಕಟ್ಟುತ್ತಿದ್ದೆವು. ಅಜ್ಜಿ ಚಿತ್ರ ಹಿಡಿದುಕೊಂಡು ಬಂದರು.

"ಮರ ಎಲ್ಲಪ್ಪ?"

"ಅದು ಸುಮ್ನೆ ಬರೆದಿರೋದು ಅಜ್ಜಿ."

"ದುಡ್ಡು ಸುಮ್ನೆ ಕೊಟ್ಟಿಲ್ಲವಲ್ಲ. ನೆಡು."

ಹೊಂಗೆ ಸಸಿ ತಂದು ನೆಟ್ಟೆ. ಅಜ್ಜಿ ಇನ್ನೊಂದು ಸಲ ಚಿತ್ರ ನೋಡಿದರು.

"ಗೇಟಿನ ಹತ್ರ ನಿಂತಿರೋನು ಯಾರು ಇವನು?"

ಇವನನ್ನೂ ತಂದು ನಿಲ್ಲಿಸು ಅಂದರೆ ಏನು ಮಾಡೋದು. ಗಾರೆ ಬಾಣಲಿ ಹೊತ್ತು ನಿಂತಿದ್ದ ನನ್ನ ಹೆಂಡತಿಯೇ ಹೇಳಿದಳು, "ಬಾಡಿಗೆಗೆ ಮನೆ ಇದೆಯಾ ಅಂತ ಕೇಳೋಕೆ ಬಂದಿದಾನೆ ಅಜ್ಜಿ."

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಒಬ್ಬನೇ ಇದಾನೆ. ಬ್ಯಾಚುಲರಿಗೆ ಕೊಡಲ್ಲ ಅಂತ ಹೇಳು."

ನಮ್ಮ ಮನೆ

ನಮ್ಮದು ಇಪ್ಪತ್ತು ಮೂವತ್ತರ ಸೈಟು. ಕಟ್ಟೋಕೆ ಮುಂಚೆ ಅವಳು ಹೇಳಿದಳು, "ಆ ಜಯನಗರದ ಎಂಜಿನಿಯರ್ ಹತ್ರ ಒಂದು ಪ್ಲಾನು ಬರೆಸಿ. ನೀವು ಕೇಳಿದ್ರೆ ಕಮ್ಮಿಗೆ ಮಾಡ್ಕೊಡ್ತಾರೆ."

"ಊರೋರ ಮನೆಯೆಲ್ಲ ಕಟ್ಟಿರೋನಿಗೆ ಪ್ಲಾನ್ಯಾಕೆ? ನನ್ನ ತಲೆಯಲ್ಲಿದೆ."

"ತಲೆಯಲ್ಲಿರೋದನ್ನ ನಾನು ಹೆಂಗೆ ನೋಡ್ಲಿ?"

ಆ ದುಡ್ಡಿಗೆ ಮಹಡಿಗೆ ಮೆಟ್ಟಿಲು ಬರುತ್ತೆ ಅಂದೆ. ಬಂತು. ಬಾಗಿಲ ಮೇಲೇ ಬಂತು. ಮೆಟ್ಟಿಲನ್ನ ಎಲ್ಲಿಂದ ಎಬ್ಬಿಸಿದರೆ ಬಾಗಿಲ ಹತ್ರ ಎಷ್ಟು ಎತ್ತರಕ್ಕೆ ಬರುತ್ತೆ ಅನ್ನೋ ಲೆಕ್ಕ ಒಂದು ತಲೆಯಲ್ಲಿರಲಿಲ್ಲ. ನೆಲದಿಂದ ಐದೂವರೆ ಅಡಿಗೆ ಕೂತುಬಿಟ್ಟಿತು.

ಅವಳು ಗಿಡ್ಡ. ಅವಳಿಗೆ ಒಂದು ಸಲವೂ ತಗಲಲಿಲ್ಲ. ಮಿಕ್ಕೋರಿಗೆಲ್ಲ ತಗಲಿತು. ಹಾಲಿನವನಿಗೆ. ಮೀಟರ್ ನೋಡೋಕೆ ಬರೋನಿಗೆ. ಅವಳ ತಮ್ಮನಿಗೆ ಒಳಗೆ ಬರ್ತಾ ಒಂದು, ಹೊರಗೆ ಹೋಗ್ತಾ ಒಂದು.

"ಪ್ಲಾನು ಎಲ್ಲಿಟ್ಟಿದ್ರಿ ಭಾವ?" ಅಂದ ಅವನು ಹಣೆ ಉಜ್ಜಿಕೊಂಡು.

ಅವಳು ಒಲೆ ಮುಂದಿನಿಂದ ಅಂದಳು, "ಅವರ ತಲೆಯಲ್ಲಿತ್ತು ಕಣೋ. ಈಗ ನಿನ್ನ ತಲೆಗೂ ಬಂತಲ್ಲ."

ಆಮೇಲೆ ಯಾರ ಹೆಜ್ಜೆ ಸದ್ದಾದರೂ ಒಳಗಿಂದ "ತಲೆ" ಅನ್ನೋಳು. ಒಡೆದು ಸರಿಯಾಗಿ ಕಟ್ಕೊಡ್ತೀನಿ ಅಂತ ಪ್ರತಿ ಯುಗಾದಿಗೂ ಹೇಳುತ್ತಿದ್ದೆ. ಅಷ್ಟರಲ್ಲಿ ಯಾರದಾದರೂ ಮನೆ ಕೆಲಸ ಬರೋದು. "ಬಿಡಿ, ಹೇಳೋಕೆ ನಾನಿದೀನಲ್ಲ," ಅನ್ನೋಳು.

ಅವಳು ಹೋದ ಮಾರನೇ ಬೆಳಿಗ್ಗೆ ಜನ ಬರೋಕೆ ಶುರು ಮಾಡಿದರು. ಅವಳನ್ನ ಒಳಗೆ ಮಲಗಿಸಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ. ಆ ಜಯನಗರದ ಎಂಜಿನಿಯರು ಹೂವಿನ ಹಾರ ಹಿಡಿದು ನೇರವಾಗಿ ನಡೆದು ಬಂದರು. ಟಪ್ ಅಂತ ಸದ್ದು. ಅಳುತ್ತಿದ್ದೋರು ಅಳು ನಿಲ್ಲಿಸಿ ತಿರುಗಿ ನೋಡಿದರು. ಅವರು ಒಂದು ಕೈಯಲ್ಲಿ ಹಣೆ, ಒಂದು ಕೈಯಲ್ಲಿ ಹಾರ ಹಿಡಿದುಕೊಂಡು ಮೆಟ್ಟಿಲಿನ ಅಡಿಯನ್ನೇ ನೋಡುತ್ತಾ ನಿಂತರು.

"ಮೇಸ್ತ್ರಿ," ಅಂದರು ಮೆಲ್ಲಗೆ, "ಇದರ ಪ್ಲಾನು ಯಾರದಪ್ಪ?"

"ನಂದೇ ಸಾರ್."

ಅವಳ ತಮ್ಮನಿಗೆ ನಗು ಬಂದುಬಿಟ್ಟಿತು. ಟವಲ್ಲು ಬಾಯಿಗೆ ಒತ್ತಿಕೊಂಡ. ಆಮೇಲೆ ಅದರಲ್ಲೇ ಅತ್ತ. ಒಳಗಿಂದ ಯಾರೂ "ತಲೆ" ಅಂದಿರಲಿಲ್ಲ. ಅವಳು ಹೋದಳು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಎದ್ದು ಹೋಗಿ ಬಾಗಿಲ ಪಕ್ಕ ನಿಂತೆ. ಬಂದೋರಿಗೆಲ್ಲ "ತಲೆ" ಅಂದೆ. ಹೋಗೋರಿಗೂ ಅಂದೆ. ಕೊನೆಗೆ ನಾಲ್ಕು ಜನ ಅವಳನ್ನ ಎತ್ತಿಕೊಂಡು ಬಾಗಿಲಿಗೆ ಬಂದರು. ಅವರಿಗೂ ಅಂದೆ. ನಾಲ್ಕು ಜನವೂ ಬಗ್ಗಿದರು. ಅವಳಿಗೆ ತಗಲಲಿಲ್ಲ.