ಬೀಗತಿ ತಿರುಗಿಸಿದ ಬಾಗಿಲು

ನಮ್ಮ ಬೀಗತಿಯನ್ನು ದವಾಖಾನೆಗೆ ಕರೆದುಕೊಂಡು ಹೋಗುವುದಕ್ಕಿಂತ ದವಾಖಾನೆಯನ್ನೇ ಎತ್ತಿಕೊಂಡು ಮನೆಗೆ ಬರುವುದು ಹಗುರ! ಹೆಸರು ಹೇಳುವುದಿಲ್ಲ. ಹೇಳಿದರೆ ಔರಾದಿನಿಂದ ಮೊದಲ ಬಸ್ಸಿಗೇ ಬಂದು, "ಏನ ಬರದೀರಿ, ಓದ್ರಿ ನೋಡಮು" ಎಂದು ಎದುರಿಗೆ ಕೂರುತ್ತಾಳೆ. ಈಗ ಮೊಮ್ಮಗಳು ನನ್ನ ತೊಡೆಯ ಮೇಲೆ ಮಲಗಿ ನಿದ್ದೆಯಲ್ಲೇ ನಗುತ್ತಿದ್ದಾಳೆ. ಆ ನಗು ಕಂಡರೆ ಊರಿಗೆಲ್ಲ ಸಕ್ಕರೆ ಹಂಚಬೇಕೆನ್ನಿಸುತ್ತದೆ. ಹಂಚಿಯೂ ಆಯಿತು, ಮತ್ತೆ ಹಂಚಬೇಕೆನ್ನಿಸುತ್ತದೆ! ಆದರೆ ಈ ಸಂತೋಷ ನನ್ನ ಮಡಿಲಿಗೆ ಬೀಳುವ ಮೊದಲು ಆ ಹೆಂಗಸು ನನ್ನ ಮರ್ಯಾದೆಯನ್ನು ಭಾಲ್ಕಿಯಿಂದ ಬೀದರಿನ ತನಕ ಹರಾಜು ಹಾಕಿದ್ದಳಲ್ಲ, ಅದನ್ನು ಯಾರ ಮುಂದೆ ಹೇಳಲಿ?

ಆಕೆಯ ರೋಗ ಒಂದೇ. ಯಾವುದನ್ನೂ ತಾನು ಮಾಡಿ ನೋಡದೆ ನಂಬುವುದಿಲ್ಲ. ಹೆಣ್ಣು ನೋಡಲು ಬಂದ ಬೀಗರು ಏನು ಮಾಡುತ್ತಾರೆ? ಜಮಖಾನೆಯ ಮೇಲೆ ಕೂತು ಚೂಡಾ ತಿಂದು ಚಹಾ ಕುಡಿಯುತ್ತಾರೆ. ಈಕೆ ಸೀದಾ ಅಡಿಗೆಮನೆಗೆ ನುಗ್ಗಿ, ನನ್ನ ಒಲೆಯ ಮುಂದೆ ಕೂತು, ನನ್ನ ಹಿಟ್ಟಿನಲ್ಲಿ ರೊಟ್ಟಿ ಬಡಿದಳು! ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಹತ್ತು ಜನರ ಮುಂದೆ ಹೇಳಿದಳು: "ಬೀಗರ, ಹುಡುಗಿ ಭೇಷ್ ಅದಾಳ. ನಿಮ್ಮ ಒಲಿನೇ ಸುಮಾರ. ಈ ಹೊಗಿಯಾಗ ಆಕಿ ಇಷ್ಟ ದಿನಾ ಹ್ಯಾಂಗ ರೊಟ್ಟಿ ಮಾಡ್ಯಾಳ್ರಿ?"

ನಾನು ಸೆರಗೆಳೆದು ಮುಖ ಮುಚ್ಚಿಕೊಂಡೆ. ಅಂದು ಮುಖಕ್ಕೆ ಬಂದ ಸೆರಗು ಮುಂದೆ ಕೆಳಗಿಳಿಯಲೇ ಇಲ್ಲವೆನ್ನಿ!

ಮದುವೆಯಾಯಿತು, ಮಗಳು ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ಭಾಲ್ಕಿಗೆ ನಮ್ಮ ಮನೆಗೆ ಬಂದಳು. ಮಳೆ ಕೈಕೊಟ್ಟ ವರ್ಷ ಅದು. ಅಳಿಯ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದ. ಔರಾದಿನ ಅವರ ಓಣಿಯಲ್ಲಿ ಅರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ಬೀಗತಿಯೂ ಕೀಲಿ ಹಾಕಿ ಸೊಸೆಯ ಬೆನ್ನಿಗೇ ಬಂದಳು! ಬೀಗರ ಮನೆಯಲ್ಲಿ ಠಿಕಾಣಿ ಹೂಡುವ ಬೀಗತಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಓಣಿಯವರೂ ಕಂಡಿರಲಿಲ್ಲ. ಟ್ಯಾಂಕರ್ ನೀರಿಗೆ ಕೊಡ ಇಟ್ಟಲ್ಲೆಲ್ಲ ನನಗೆ ಅದೇ ಪ್ರಶ್ನೆ: "ನಿಮ್ಮ ಬೀಗತಿ ಯಾವಾಗ ಹೋಗ್ತಾಳವಾ?"

ಬೀದರಿನಲ್ಲಿ ಒಂದು ಧರ್ಮದ ದವಾಖಾನೆಗೆ ಮಗಳನ್ನು ತೋರಿಸಲು ಹೋದೆವು. ಮೈಯಲ್ಲಿ ರಕ್ತ ಕಡಿಮೆ, ಹೆರಿಗೆ ಇಲ್ಲೇ ಆಗಬೇಕು, ಮನೆಯಲ್ಲಾದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಹೆರಿಗೆ ಕೋಣೆ ನೋಡಿಕೊಂಡು ಬನ್ನಿ ಎಂದು ಸಿಸ್ಟರ್ ಕಳಿಸಿದಳು. ಮಗಳು ಬಾಗಿಲತನಕ ಹೋದವಳು ಹಾಗೇ ತಿರುಗಿದಳು, ಕಣ್ಣಲ್ಲಿ ನೀರು. ಬಾಗಿಲು ತೆರೆದರೆ ಹೆರಿಗೆಯ ಮೇಜು ನೇರ ಪಡಸಾಲೆಗೆ ಕಾಣುತ್ತದೆ. ಪಡಸಾಲೆಯ ಬಾಕಿನ ಮೇಲೆ ಸಾಲಾಗಿ ಕೂತ ಗಂಡಸರು!

"ಅವ್ವಾ, ಸತ್ತರೂ ಇಲ್ಲಿ ಹಡಿಯಂಗಿಲ್ಲ ನಾ. ಮನ್ಯಾಗ ಹಡಿತೀನಿ."

ನಾನು ಗದರಿಸಿದೆ, ಬೇಡಿಕೊಂಡೆ. ಬೀಗತಿ ಗದರಿಸಲೂ ಇಲ್ಲ, ಬೇಡಲೂ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಆ ಮೇಜು ಹತ್ತಿ ಮಲಗಿಬಿಟ್ಟಳು!

ಸಿಸ್ಟರ್ ಓಡಿ ಬಂದಳು. "ಅಮ್ಮಾ, ಇಳೀರಿ! ನಿಮಗೇನ ಆಗ್ಯಾದ?"

"ನನಗೇನೂ ಆಗಿಲ್ಲವ್ವಾ. ಇಲ್ಲಿ ಮಕ್ಕೊಂಡಾಕಿಗಿ ಏನೇನ ಕಾಣ್ತದ ಅಂತ ನೋಡ್ಲತ್ತೀನಿ."

"ಏನ ಕಾಣ್ತದ್ರಿ?"

"ಆ ಹಳದೀ ರುಮಾಲಿನ ಮುತ್ಯಾ ತಂಬಾಕ ತಿಕ್ಲತ್ತಾನ. ನನಗ ಅಂವ ಕಾಣ್ತಾನಂದ್ರ ಅಂವಗ ನಾ ಕಾಣಂಗಿಲ್ಲೇನು?"

ಆ ಮುದುಕ ಮುತ್ಯಾ ತಂಬಾಕು ನುಂಗಿಕೊಂಡನೋ ಏನೋ, ಕೆಮ್ಮುತ್ತ ಎದ್ದು ಹೋದ. ನಾನು ಗೋಡೆಗೆ ಮುಖ ಮಾಡಿ, ಈಕೆ ಯಾರೋ ನಾನು ಯಾರೋ ಎಂಬಂತೆ ನಿಂತೆ. ಬಿಟ್ಟಳೇ? ಮೇಜಿನ ಮೇಲಿಂದಲೇ ಕೂಗಿದಳು: "ಬೀಗರ, ಬರ್ರಿ, ನೀವೂ ಒಮ್ಮಿ ಮಕ್ಕೊಂಡ ನೋಡ್ರಿ!"

ಅದೇ ದಿನಗಳಲ್ಲಿ ದವಾಖಾನೆಯಲ್ಲಿ ಒಂದು ಬೋರ್ಡು ಹಾಕಿದರು. ಹೆರಿಗೆ ವಾರ್ಡು ಸುಧಾರಿಸಬೇಕಾಗಿದೆ, ರೋಗಿಗಳೂ ಮನೆಯವರೂ ಬಂದು ಸಲಹೆ ಕೊಡಿ ಅಂತ. ಕರೆದವರಿಗೆ ಪಾಪ ಏನು ಗೊತ್ತು? ಬೀಗತಿ ವಾರ್ಡಿಗೆ ನುಗ್ಗಿ, ಅಲ್ಲಿ ತನ್ನ ಸೊಸೆಯ ಆರೈಕೆಗೆ ಕೂತಿದ್ದ ತಾಂಡಾದ ಲಂಬಾಣಿ ಮುದುಕಿಯನ್ನೂ, ಎಲ್ಲರೂ ಆಪಾ ಎಂದು ಕರೆಯುತ್ತಿದ್ದ ಬೀದರಿನ ಹಳೇ ಪೇಟೆಯ ಬುರ್ಖಾದ ಅಕ್ಕನನ್ನೂ ಎಬ್ಬಿಸಿಕೊಂಡು ಹೊರಟಳು. ಮಗಳನ್ನು ಮನೆಯಲ್ಲಿ ಬಿಟ್ಟು ಅವಳ ಗುಳಿಗೆ ಒಯ್ಯಲು ಬಂದಿದ್ದ ನನ್ನನ್ನೂ ಎಳೆದುಕೊಂಡು ಹೋದಳು. ದೊಡ್ಡ ಡಾಕ್ಟರು "ನಿಮ್ಮ ಅಮೂಲ್ಯವಾದ ಸಲಹೆ" ಎಂದು ಬೆಂಗಳೂರಿನ ಕನ್ನಡದಲ್ಲಿ ಕೇಳಿದರು. ಎಲ್ಲ ಚಲೋ ಅದ್ರಿ ಎಂದೆ ನಾನು. ಅವರ ಬಿಸ್ಕೀಟು ತಿಂದ ಮೇಲೆ ಮತ್ತೇನು ಹೇಳುವುದು?

ಬೀಗತಿ ಆಪಾಳ ಪಕ್ಕೆ ತಿವಿದಳು. ಆಪಾ ಮೆಲ್ಲಗೆ, "ಸಾಬ್, ಮೈಮ್ಯಾಲಿನ ಬಟ್ಟಿ ಸರಸೂ ಮೊದಲ ಒಂದ ಮಾತ ಹೇಳಿ ಸರಸ್ಲಿ. ಅಷ್ಟೇ" ಎಂದಳು. ಲಂಬಾಣಿ ಮುದುಕಿ ತನ್ನ ಮಾತಿನಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಒಬ್ಬರಿಗೂ ತಿಳಿಯಲಿಲ್ಲ.

"ಇದss ನೋಡ್ರಿ ಆಕಿ ಫಿರ್ಯಾದಿ," ಎಂದಳು ಬೀಗತಿ. "ಆಕಿ ಸೊಸಿ ಬ್ಯಾನಿ ತಿಂದು ಹಿಂಗೇ ಒದರಿದ್ರ ಇಲ್ಲಿ ತಿಳ್ಕೊಳ್ಳಾವ್ರ ಯಾರದಾರ?"

ಡಾಕ್ಟರು ಗಂಭೀರವಾಗಿ ಬರೆದುಕೊಂಡರು. "ನಿಮ್ಮದೇನಮ್ಮ?"

"ನಂದು ಬಾಯಿಲೆ ಹೇಳಿದ್ರ ತಿಳಿಯಂಗಿಲ್ರಿ ಸಾಹೇಬ್ರ. ಬರ್ರಿ, ಒಮ್ಮಿ ಮಕ್ಕೊಂಡ ನೋಡ್ರಿ."

ಶಿವನೇ! ನಾನು ಸೆರಗನ್ನು ಬಾಯಿಗೇ ತುರುಕಿಕೊಂಡೆ. ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ, ಎದ್ದು ನಡೆದೇಬಿಟ್ಟರು. ಬಿಳಿ ಕೋಟು ಸಮೇತ ಮೇಜಿನ ಮೇಲೆ ಮಲಗಿದರು. ಬೀಗತಿ ಹೇಳಿಕೊಟ್ಟಳು: "ಕಾಲ ಮ್ಯಾಲ ಇಡ್ರಿ. ಹಾಂ, ಆ ಕಬ್ಬಿಣದ ಮ್ಯಾಲ." ಇಟ್ಟರು. ಸರಿಯಾಗಿ ಅದೇ ಹೊತ್ತಿಗೆ ಚಹಾ ತರುವವನು ಬೆನ್ನಿನಿಂದ ಬಾಗಿಲು ತಳ್ಳಿಕೊಂಡು ಬಂದ. ಬಾಗಿಲು ಪೂರ್ತಿ ತೆರೆಯಿತು. ಬಾಕಿನ ಮೇಲಿನವರೆಲ್ಲ ಕತ್ತು ಚಾಚಿದರು. ಅವರ ನಡುವಿನಿಂದ ಒಬ್ಬ ಮುತ್ಯಾ, ಅದೇ ಹಳದಿ ರುಮಾಲು, ಬಲು ಕಳಕಳಿಯಿಂದ ಕೇಳಿದ:

"ಸಾಹೇಬ್ರಿಗಿ ಎಷ್ಟನೇ ತಿಂಗಳ್ರಿ?"

ಡಾಕ್ಟರು ಕೆಳಗಿಳಿದು ಕೋಟು ಜಗ್ಗಿಕೊಂಡರು. ಬಾಗಿಲನ್ನು ಎರಡು ಸಲ ಮುಚ್ಚಿ ತೆರೆದು ನೋಡಿದರು. ಆಮೇಲೆ, "ಈ ಬಾಗಿಲು ಕಳಚಿ, ತಿರುಗಿಸಿ ಆ ಕಡೆಯ ಚೌಕಟ್ಟಿಗೆ ಕೂರಿಸಿ. ತೆರೆದರೂ ಹಲಗೆಯೇ ಅಡ್ಡ ನಿಲ್ಲಬೇಕು" ಎಂದರು. ನಗಲಿಲ್ಲ.

ಮನೆಗೆ ಬಂದು ಹೇಳಿದರೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಾಗಲಾ ತಿರಗಿದ್ರ ಹೋಗ್ತೀನವ್ವಾ" ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಇಳಿದ ಕಲ್ಲು ಮತ್ತೆ ಹತ್ತಲು ಎಷ್ಟು ಹೊತ್ತು! ಬಡಗಿ ಬಾಗಿಲು ಕಳಚಿಕೊಂಡು ಹೋದ ದಿನವೇ, ದಿನ ತುಂಬುವ ಮೊದಲೇ, ಮಗಳಿಗೆ ಬೇನೆ ಬರಬೇಕೆ? ಬಾಡಿಗೆ ಜೀಪಿನಲ್ಲಿ ಬೀದರಿಗೆ ಹೋಗಿ ನೋಡಿದರೆ ಕೋಣೆಗೆ ಬಾಗಿಲೇ ಇಲ್ಲ! ಸಿಸ್ಟರ್ ಒಂದು ಚಾದರ ಕಟ್ಟಿದ್ದಳು. ಅದೋ, ಫ್ಯಾನಿನ ಗಾಳಿಗೆ ಬಾವುಟದಂತೆ ಹಾರುತ್ತಿತ್ತು. ಬಾಕಿನ ಮೇಲೆ ಎಂದಿನಂತೆ ಗಂಡಸರು. ಮಗಳು ಬೇನೆಯಲ್ಲೂ ನನ್ನ ಕೈ ಗಟ್ಟಿ ಹಿಡಿದು, "ಅವ್ವಾ, ಮನಿಗಿ ನಡಿ" ಎಂದಳು.

"ನೋಡ್ರಿ ನಿಮ್ಮ ಸುಧಾರಣಿ!" ಎಂದು ಬೀಗತಿಯ ಮೇಲೆ ಹರಿಹಾಯ್ದೆ.

ಆಕೆ ಚಪ್ಪಲಿ ಬಿಟ್ಟಳು. ಚೌಕಟ್ಟಿನಲ್ಲಿ ಹೋಗಿ, ಕೋಣೆಗೆ ಬೆನ್ನು ಮಾಡಿ ನಿಂತು, ಸೆರಗು ಬಿಚ್ಚಿ ಎರಡೂ ಕೈಯಿಂದ ಅಗಲಿಸಿ ಎತ್ತಿದಳು. ಪಡಸಾಲೆಯಲ್ಲಿದ್ದ ಗುರುತಿಲ್ಲದ ಹೆಂಗಸರು ಒಬ್ಬೊಬ್ಬರೇ ಎದ್ದು ಬಂದು ಎಡಬಲಕ್ಕೆ ನಿಂತರು. ಒಬ್ಬಳು ದುಪಟ್ಟಾ ಬಿಡಿಸಿದಳು, ಒಬ್ಬಳು ಕನ್ನಡಿ ಹೊಲಿದ ಮುಸುಕು ಹಿಡಿದಳು. ಹಳದಿ ರುಮಾಲಿನ ಮುತ್ಯಾ ತಾನೇ ಎದ್ದು ಉಳಿದ ಗಂಡಸರನ್ನು ಹೊರಗೆ ಅಟ್ಟಿದ. ಮಗಳು ಒಳಗೆ ಹೋದಳು.

ಬೀಗತಿ ತಿರುಗದೆಯೇ ಮಾತಾಡಿದಳು. "ಬೀಗರ, ಆ ದೊಡ್ಡ ಬರದಾಗ ಹೈದರಾಬಾದದಾಗ ಕಲ್ಲ ಒಡದ ಊರಿಗಿ ಬರೂ ಮುಂದ, ಜಹೀರಾಬಾದ ಬಸ್ ಸ್ಟ್ಯಾಂಡಿನ್ಯಾಗ ಹಡದೀನ್ರಿ ನಿಮ್ಮ ಅಳಿಯಾಗ. ಯಾರ ಯಾರೋ ಹೆಣ್ಮಕ್ಕಳು ಸೆರಗ ಹಿಡದ ಗ್ವಾಡಿ ಆದ್ರು. ಯಾ ಊರು, ಯಾ ಜಾತಿ, ಕೇಳಲಿಲ್ಲ. ಮಾರಿ ಸುದ್ದಾ ನೋಡಲಿಲ್ಲ. ಅವರ ಬೆನ್ನಷ್ಟ ನೋಡೀನ್ರಿ."

ನನ್ನ ಮುಖದ ಮೇಲಿನ ಸೆರಗು ತೆಗೆದು, ಆಕೆಯ ಪಕ್ಕದಲ್ಲಿ ನಿಂತು ನಾನೂ ಎತ್ತಿ ಹಿಡಿದೆ.

ಎಷ್ಟು ಹೊತ್ತಾಯಿತೋ! ಒಳಗಿನಿಂದ ಕೂಸು ಅತ್ತಿತು. "ಹೆಣ್ಣ ಕೂಸು!" ಎಂದು ಸಿಸ್ಟರ್ ಕೂಗಿದಳು. ನನ್ನ ಕತ್ತು ತಾನಾಗಿ ಹಿಂದೆ ಹೊರಳಿತು.

"ತಿರಗಬ್ಯಾಡ್ರಿ ಬೀಗರ," ಎಂದಳು ಬೀಗತಿ. ಆಕೆಯ ಗಲ್ಲ ತೊಯ್ದಿತ್ತು. "ಆಕಿದು ಇನ್ನಾ ಮುಗದಿಲ್ಲ, ಮಾಸ ಬೀಳಬೇಕು. ಕೈ ಇಳಸಬ್ಯಾಡ್ರಿ."

ಇಳಿಸಲಿಲ್ಲ. ಹಾಗಾಗಿ ಮೊಮ್ಮಗಳು ಈ ಲೋಕಕ್ಕೆ ಬಂದಾಗ ನಾನು ಅವಳ ಮುಖ ನೋಡಲಿಲ್ಲ, ಅವಳು ನನ್ನ ಮುಖ ನೋಡಲಿಲ್ಲ. ಸಾಲಾಗಿ ನಿಂತ ಅಷ್ಟು ಬೆನ್ನುಗಳಲ್ಲಿ ಅಜ್ಜಿಯರು ಯಾರು, ಪರರು ಯಾರು ಎಂದು ಆ ಕೂಸಿಗೆ ಹೇಗೆ ತಿಳಿಯಬೇಕು?