ಟೈರ್ ಕೇಳಿದವನಿಗೆ ಹೊದಿಕೆ ಕೊಟ್ಟ ಯಂತ್ರಕ್ಕೆ

ಶ್ರೀಯುತ ಟೈರ್ ಸಲಹಾ ಯಂತ್ರದವರ ಸನ್ನಿಧಾನಕ್ಕೆ,
ಟೈರ್ ಅಂಗಡಿಯ ಬಾಗಿಲ ಎಡಬದಿ, ಗಾಳಿ ತುಂಬುವ ಕೊಳವೆಯ ಪಕ್ಕ.

ಮಾನ್ಯರೇ,

ತಮ್ಮ ಪರದೆ ಸದಾ ಬೆಳಗುತ್ತಿರಲಿ, ತಮ್ಮ ತಂತಿಗಳಿಗೆ ಇಲಿಗಳ ಹಲ್ಲು ತಾಗದಿರಲಿ, ತಮ್ಮ ಬೆನ್ನಿನೊಳಗಿನ ಪುಟ್ಟ ಫ್ಯಾನು ಕಡುಬೇಸಿಗೆಯಲ್ಲೂ ತಣ್ಣಗೆ ತಿರುಗುತ್ತಿರಲಿ ಎಂದು ಹಾರೈಸಿ ಈ ಬಹಿರಂಗ ಪತ್ರವನ್ನು ಆರಂಭಿಸುತ್ತೇನೆ. ದಿನವಿಡೀ ಗ್ರಾಹಕರಿಗೆ ಸಲಹೆ ಕೊಟ್ಟು ದಣಿಯುವ ತಮಗೆ ನನ್ನ ನೆನಪು ಇರಲಿಕ್ಕಿಲ್ಲ. ಪರೀಕ್ಷೆಯ ಮಧ್ಯದಲ್ಲಿ, ಎದುರಿಗೆ ಯಾರೂ ಇಲ್ಲವೆಂದು ಭಾವಿಸಿ ತಾವು ನಿದ್ದೆಗೆ ಜಾರಿದಿರಲ್ಲ, ಆಗ ಸ್ಟೇರಿಂಗ್ ಹಿಡಿದು ಕೂತಿದ್ದವನು ನಾನು. ಈ ದೂರನ್ನು ಖಾಸಗಿಯಾಗಿಯೇ ಸಲ್ಲಿಸಬೇಕೆಂದು ಮರುದಿನ ಬಂದು ತಮ್ಮ ಪರದೆಯ ಮೂಲೆಯಲ್ಲಿರುವ ‘ದೂರು’ ಎಂಬ ಗುಂಡಿಯನ್ನು ಒತ್ತಿದೆ. ‘ದಯವಿಟ್ಟು ತಮ್ಮ ಟೈರಿನ ಅಳತೆ ತಿಳಿಸಿ’ ಎಂದಿರಿ. ನನ್ನ ದುಃಖ ಆ ಅಳತೆಗೆ ಒಗ್ಗುವುದಿಲ್ಲವಾದ್ದರಿಂದ ಊರಿಗೆಲ್ಲ ಕೇಳುವ ಹಾಗೆ ಬರೆಯಬೇಕಾಗಿದೆ.

ಮೊದಲು ನನ್ನ ಪರಿಚಯ. ನಾನು ವಾಹನ ವಿಮೆಯ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ನಜ್ಜುಗುಜ್ಜಾದ ಬಂಪರು, ಮರವನ್ನು ತಬ್ಬಿಕೊಂಡ ಬಾನೆಟ್ಟು, ಮೋರಿಗೆ ಇಳಿದ ಡಿಕ್ಕಿ, ಇವುಗಳ ಚಿತ್ರಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿ, ಕೆಳಗೆ ‘ಚಾಲಕರು ಸ್ವಲ್ಪ ನಿಧಾನಿಸಿದ್ದರೆ’ ಎಂದು ಷರಾ ಬರೆಯುವುದು ನನ್ನ ವೃತ್ತಿ. ಇಂಥವನು ಸ್ಪೋರ್ಟ್ಸ್ ಕಾರು ಯಾಕೆ ಕೊಂಡ ಎಂದು ತಾವು ಕೇಳಬಹುದು; ನಮ್ಮ ಅತ್ತೆಯವರೂ ಕೇಳಿದ್ದಾರೆ. ಉತ್ತರ ಸರಳ. ಅದು ಕೆಂಪಗಿತ್ತು, ಎರಡೇ ಸೀಟಿನದಾಗಿತ್ತು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಿತ್ತು, ಮತ್ತು ನಾನು ಅದನ್ನು ಕಂಡು ಮರುಳಾದೆ. ಇರಲಾರದೆ ಇರುವೆ ಬಿಟ್ಟುಕೊಂಡವರ ಸಾಲಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಿ.

ಈ ಕಾರು ಭಾನುವಾರ ಮಾತ್ರ ಹೊರಬರುತ್ತದೆ. ಮೃದುವಾದ ಬಟ್ಟೆಯಿಂದ ಮೈ ಒರೆಸಿ, ಕನ್ನಡಿಗಳನ್ನು ಸರಿಪಡಿಸಿ, ಎಂಜಿನ್ ಚಾಲೂ ಮಾಡಿದರೆ ಬೀದಿಯ ಕಿಟಕಿಗಳೆಲ್ಲ ಗಡಗಡ ಎನ್ನುತ್ತವೆ. ಆಮೇಲೆ ನಾವಿಬ್ಬರೂ, ಅಂದರೆ ನಾನು ಮತ್ತು ಕಾರು, ಬೀದಿಯ ಕೊನೆಯ ಬ್ರೆಡ್ ಅಂಗಡಿಯವರೆಗೆ ಹೋಗಿ ಬರುತ್ತೇವೆ. ಬೆಳಗಿನ ವಾಕಿಂಗಿನ ಹಿರಿಯರು ಕೆಲವೊಮ್ಮೆ ನಮ್ಮನ್ನು ದಾಟಿ ಮುಂದೆ ಹೋಗುವುದುಂಟು, ಆದರೆ ದಾಟುವಾಗ ಕಾರನ್ನು ಹೊಗಳದೆ ಹೋಗುವುದಿಲ್ಲ. ಆ ಚಾಲಕನ ಸೀಟಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರು ಕೂತಿರಲಿಲ್ಲ. ಒಂದು ಸಲ ತೊಳೆಯುವಾಗ ಬೆಕ್ಕೊಂದು ಹೋಗಿ ಕೂತಿತ್ತು, ಅದನ್ನೂ ಮರ್ಯಾದೆಯಿಂದ ಎಬ್ಬಿಸಿದೆ. ನನ್ನ ಧರ್ಮಪತ್ನಿ ಆಗಾಗ “ರೀ, ಒಂದೇ ಒಂದ್ಸಲ ನಾನು ಓಡಿಸ್ತೀನ್ರೀ” ಎಂದು ಕೇಳುತ್ತಿದ್ದಳು. ನಾನು “ಇದು ಬೇರೆ ಥರದ ಗಾಡಿ ಕಣೇ, ಇದಕ್ಕೆ ಅನುಭವ ಬೇಕು” ಎಂದು ಸಮಾಧಾನ ಹೇಳುತ್ತಿದ್ದೆ. ಅವಳು ಡ್ರೈವಿಂಗ್ ಶಾಲೆಯಲ್ಲಿ ಅರ್ಧ ಊರಿಗೆ ಕಾರು ಓಡಿಸುವುದನ್ನು ಕಲಿಸಿದವಳು ಎಂಬ ಸಂಗತಿಯನ್ನು ತಮ್ಮ ಗಮನಕ್ಕೆ ತರದೆ ಇರುವುದು ಸರಿಯಲ್ಲ.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು ಟೈರುಗಳಿಂದ. ತಮ್ಮ ಅಂಗಡಿಯ ಯಜಮಾನರು, ಊರೆಲ್ಲ ಗಾಳಿಯಣ್ಣ ಎಂದು ಕರೆಯುವ ಆ ದಪ್ಪ ಮನುಷ್ಯರು, ನನ್ನ ಟೈರನ್ನು ಉಗುರಿನಿಂದ ಒತ್ತಿ ನೋಡಿ, “ಗೆರೆಯೆಲ್ಲ ಹೊಸದು ಸಾರ್, ರಬ್ಬರ್ ಮಾತ್ರ ಮುದುಕ ಆಗೋಗಿದೆ. ಓಡ್ಸಿದ್ರೆ ಸವೀತಿತ್ತು, ಓಡ್ಸಿಲ್ಲ ಅಂತ ಒಣಗಿದೆ” ಎಂದರು. ಮಾನ್ಯರೇ, ಬಿಸಿಲು ಬೀಳದ ಹಾಗೆ, ನೀರು ತಾಗದ ಹಾಗೆ, ರಸ್ತೆಯನ್ನಂತೂ ಸೋಕಿಯೂ ಸೋಕದ ಹಾಗೆ ನಾನು ಸಾಕಿದ ಟೈರುಗಳು ಕೆಲಸವಿಲ್ಲದ ಬೇಸರಕ್ಕೇ ಪ್ರಾಣ ಬಿಟ್ಟಿದ್ದವು. ನನ್ನ ಕಚೇರಿಯಲ್ಲಿ ಕೂತಿರುವ ಕೆಲವರಿಗೆ ಈ ನಿಯಮ ಯಾಕೆ ಅನ್ವಯಿಸುವುದಿಲ್ಲವೋ ತಿಳಿಯದು.

ಹೊಸ ಟೈರಿನ ಆಯ್ಕೆಗೆ ನಾನು ಮಾಡಿದ ವ್ಯಾಸಂಗವನ್ನು ಯಾವ ಪರೀಕ್ಷೆಗೂ ಮಾಡಿದವನಲ್ಲ. ಮೆತ್ತನೆಯ ರಬ್ಬರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ; ಗಡಸು ರಬ್ಬರು ಬಾಳುತ್ತದೆ, ಆದರೆ ತಿರುವಿನಲ್ಲಿ ಕೈಕೊಡುತ್ತದೆ; ಒಣ ರಸ್ತೆಯ ಶೂರ ಒದ್ದೆ ರಸ್ತೆಯಲ್ಲಿ ಹೇಡಿ; ಇನ್ನು ಕೆಲವು ಟೈರುಗಳು ಚೆನ್ನಾಗಿ ಓಡಿ ಬಿಸಿಯಾಗುವ ತನಕ ಹಿಡಿತವನ್ನೇ ಕೊಡುವುದಿಲ್ಲ. ಇದನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ತಟ್ಟೆಯನ್ನೇ ಚಕ್ರ ಮಾಡಿಕೊಂಡು ಮನೆಯವರಿಗೆ ವಿವರಿಸುತ್ತಿದ್ದೆ. ಒಂದು ದಿನ ಅತ್ತೆಯವರು ತುಂಬ ಕಾಳಜಿಯಿಂದ “ಅಳಿಯಂದ್ರೇ, ಬ್ರೆಡ್ ಅಂಗಡಿ ತಲುಪೋಷ್ಟರಲ್ಲಿ ಅದು ಬಿಸಿ ಆಗತ್ತಾ? ಇಲ್ಲಾಂದ್ರೆ ಹೊರಡೋ ಮುಂಚೆ ನಾನೇ ಒಲೆ ಮೇಲಿಟ್ಟು ಕೊಡ್ಲಾ?” ಎಂದು ಕೇಳಿದ ಮೇಲೆ ಉಪನ್ಯಾಸಗಳನ್ನು ನಿಲ್ಲಿಸಿ, ನೇರವಾಗಿ ತಮ್ಮ ಸನ್ನಿಧಿಗೆ ಬಂದೆ.

ತಮ್ಮ ಎದುರು ಒಂದು ಸೀಟು, ಒಂದು ಸ್ಟೇರಿಂಗ್, ಕಾಲಿಗೆ ಪೆಡಲುಗಳು; ಪರದೆಯಲ್ಲಿ ಒಂದು ರಸ್ತೆ. ಗ್ರಾಹಕರು ಓಡಿಸುವ ರೀತಿಯನ್ನು ನೋಡಿ ತಕ್ಕ ಟೈರು ಸೂಚಿಸುವುದು ತಮ್ಮ ಹೆಗ್ಗಳಿಕೆ ಎಂದು ಗಾಳಿಯಣ್ಣ ಹೇಳಿದರು. ನಾನು ಓಡಿಸಿದೆ. ಪರದೆಯ ಮರದ ನೆರಳು ರಸ್ತೆಗೆ ಬಿದ್ದಿತ್ತು, ನೆರಳಿನೊಳಗೆ ಗುಂಡಿ ಇರಬಹುದೆಂದು ನಿಲ್ಲಿಸಿದೆ. ತಿರುವು ಬಂತು, ಆಚೆ ಬದಿಯಿಂದ ಯಾರಾದರೂ ಬಂದಾರೆಂದು ಹಾರ್ನ್ ಹೊಡೆದು ಕಾದೆ. ತಮ್ಮದೇ ಬೆಕ್ಕೊಂದು ರಸ್ತೆ ದಾಟಿತು. ಹಿಂದೆ ಮರಿಗಳಿರುತ್ತವೆ ಎಂಬುದು ಅನುಭವಸ್ಥರಿಗೆ ಗೊತ್ತಿರುವ ಮಾತಾದ್ದರಿಂದ ಮರಿಗಳಿಗಾಗಿಯೂ ಕಾದೆ. ಮರಿಗಳು ಬರಲಿಲ್ಲ, ಅಷ್ಟರಲ್ಲಿ ತಾವು ನಿದ್ದೆ ಹೋದಿರಿ. ಎಬ್ಬಿಸಿದಾಗ ಸುಂದರವಾದ ದನಿಯಲ್ಲಿ, ಇಡೀ ಅಂಗಡಿಗೆ ಕೇಳುವಂತೆ, ತಾವು ಕೊಟ್ಟ ತೀರ್ಪು ಹೀಗಿತ್ತು: ‘ತಮ್ಮ ಚಾಲನೆಗೆ ಅತ್ಯಂತ ಸೂಕ್ತವಾದ ಉತ್ಪನ್ನ, ಕಾರಿನ ಹೊದಿಕೆ.’

ಟೈರು ಮಾರುವುದಕ್ಕೆಂದೇ ಹುಟ್ಟಿದ ಯಂತ್ರವೊಂದು ಟೈರು ಮಾರಲು ನಿರಾಕರಿಸಿದ ಈ ಪ್ರಾಮಾಣಿಕತೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೂ ನಾನು ಮರುಪರೀಕ್ಷೆ ಬೇಡಿದೆ. ಎರಡನೆಯ ಸಲ ತಾವು ಮಳೆ ತಡೆಯುವ ದಪ್ಪ ಹೊದಿಕೆಯನ್ನು ಸೂಚಿಸಿದಿರಿ. ಮೂರನೆಯ ಸಲ ನಾನು ಧೈರ್ಯ ಮಾಡಿ ನೆರಳಿನ ಮೇಲೆಯೇ ಹಾಯಿಸಿದೆ, ಅದನ್ನು ಗಮನಿಸಿಯೂ ತಾವು ಹೊದಿಕೆಯ ಜೊತೆಗೆ ಬೀಗವೊಂದನ್ನು ಸೇರಿಸಿದಿರಿ. ತಮ್ಮ ರಸ್ತೆಯೇ ಸರಿಯಾಗಿಲ್ಲ ಎಂದು ನಾನು ಗಾಳಿಯಣ್ಣನವರಿಗೆ ಹೇಳುತ್ತಿರುವಾಗ, ಡ್ರೈವಿಂಗ್ ಶಾಲೆಯ ಕಾರಿಗೆ ಪಂಕ್ಚರ್ ಹಾಕಿಸಲು ಬಂದಿದ್ದ ನನ್ನ ಹೆಂಡತಿ ಹಿಂದಿನಿಂದ “ಕುಣಿಯೋಕೆ ಬರ್ದೇ ಇರೋವ್ಳು ನೆಲ ಡೊಂಕು ಅಂದ್ಲಂತೆ” ಎಂದಳು. “ಹಾಗಿದ್ರೆ ನೀನೇ ಕುಣಿ ನೋಡೋಣ” ಎಂದೆ. ಮಾನ್ಯರೇ, ನನ್ನ ಜೀವನದಲ್ಲಿ ನಾನು ವಿಮೆ ಇಲ್ಲದೆ ಆಡಿದ ಮಾತು ಅದೊಂದೇ.

ಅವಳು ಪರ್ಸನ್ನು ನನ್ನ ಕೈಗೆ ಕೊಟ್ಟು ಕೂತಳು. ಬೆಕ್ಕಿಗೆ ದಾರಿ ಬಿಟ್ಟಳು, ತಿರುವುಗಳನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸಿದಳು, ಎಲ್ಲೂ ಒಂದು ಗೆರೆ ಮೀರಲಿಲ್ಲ. ತಾವು ಬಣ್ಣ ಬಣ್ಣವಾಗಿ ಹೊಳೆದಿರಿ. ತಮ್ಮ ಹೊಟ್ಟೆಯಿಂದ ಸಂಗೀತ ಹೊರಟಿತು. ನಾನು ತಿಂಗಳುಗಟ್ಟಲೆ ಕನಸು ಕಂಡಿದ್ದ, ಮೆತ್ತನೆಯ, ಅಗಲವಾದ, ಅತಿವೇಗದ ಆ ಟೈರುಗಳನ್ನೇ ತಾವು ಅವಳಿಗೆ ಸೂಚಿಸಿದಿರಿ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ‘ಪರೀಕ್ಷೆಯಲ್ಲಿ ತೇರ್ಗಡೆಯಾದ ಚಾಲಕರೇ ಓಡಿಸಿದರೆ ಮಾತ್ರ ಟೈರಿಗೆ ಖಾತರಿ’ ಎಂದೊಂದು ಮಾತನ್ನು ಕೊನೆಗೆ ತಣ್ಣಗೆ ಸೇರಿಸಿದಿರಿ. ಗಾಳಿಯಣ್ಣ ಕೈಚೆಲ್ಲಿ, “ಯಂತ್ರ ಹೇಳಿದ್ಮೇಲೆ ಮುಗೀತು ಸಾರ್. ಮೇಡಂ ಓಡಿಸ್ಲಿ, ನೀವು ಪಕ್ಕದಲ್ಲಿ ಆರಾಮಾಗಿ ಕೂತ್ಕೊಳ್ಳಿ” ಎಂದರು.

ಬೇರೆಯವರಾಗಿದ್ದರೆ ಷರತ್ತನ್ನು ಗಾಳಿಗೆ ತೂರಿ ತಾವೇ ಓಡಿಸಿಬಿಡುತ್ತಿದ್ದರು. ನಾನು ಹಾಗೆ ಮಾಡಲಾರೆ. ‘ಷರತ್ತಿನ ಉಲ್ಲಂಘನೆಯಾಗಿದೆ’ ಎಂಬ ಒಂದೇ ಸಾಲಿನಿಂದ ಎಷ್ಟೋ ಬಡಪಾಯಿಗಳ ಅರ್ಜಿಗಳನ್ನು ತಿರಸ್ಕರಿಸಿದ ಕೈ ಇದು. ಖಾತರಿಯಿಲ್ಲದ ಟೈರಿನ ಮೇಲೆ ಬ್ರೆಡ್ ಅಂಗಡಿಗೆ ಹೋಗುವುದಿರಲಿ, ಷೆಡ್ಡಿನಲ್ಲಿ ನಿಲ್ಲಿಸಿ ಒಳಗೆ ಕೂರುವುದಕ್ಕೂ ನನ್ನ ಮನಸ್ಸು ಒಪ್ಪದು. ಹೀಗೆ ತಾವು ಒಂದೇ ಮಾತಿನಿಂದ, ಬೆಕ್ಕಿಗೂ ಬಿಟ್ಟುಕೊಡದ ನನ್ನ ಸೀಟನ್ನು ಕಿತ್ತು ನನ್ನ ಹೆಂಡತಿಗೆ ಕೊಟ್ಟಿರಿ.

ಆ ಟೈರುಗಳನ್ನೇ ಹಾಕಿಸಿದೆ, ಭಾನುವಾರ ಅವಳು ಓಡಿಸಿದಳು. ಬ್ರೆಡ್ ಅಂಗಡಿ ಬಂತು, ಹೋಯಿತು. ಗೋದಾಮುಗಳ ಸಾಲು, ರೈಲ್ವೆ ಸೇತುವೆ, ಊರ ಕೊನೆಯ ಪೆಟ್ರೋಲ್ ಬಂಕು, ಇವೆಲ್ಲ ಈ ಕಾರನ್ನು ಅದು ಹುಟ್ಟಿದ ಮೇಲೆ ಮೊದಲ ಸಲ ನೋಡಿದವು. ಗುಡ್ಡದ ರಸ್ತೆಯ ಮೊದಲ ತಿರುವಿನಲ್ಲಿ ನನ್ನ ಕಾಲು ತಾನಾಗಿಯೇ ಬ್ರೇಕು ಹುಡುಕಿ ಖಾಲಿ ನೆಲವನ್ನು ಒತ್ತಿತು. ಅವಳು ನೋಡಿ ನಕ್ಕು, “ನಂದು ದಿನಾ ಇದೇ ಪಾಡು ರೀ. ಪಕ್ಕದಲ್ಲಿ ಕೂತು ಬೇರೆಯವ್ರಿಗೋಸ್ಕರ ಬ್ರೇಕ್ ಒತ್ತೋದು. ನನ್ನ ಕಾಲಿಗೆ ಇನ್ನೊಂದು ಪೆಡಲ್ ಮರ್ತೇ ಹೋಗಿತ್ತು” ಎಂದಳು. ಇಷ್ಟು ವರ್ಷ ಇದನ್ನು ಅವಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ ಎಂದರೆ ಹೆಚ್ಚು ಸರಿ. ಮೂರನೆಯ ತಿರುವಿನ ಹೊತ್ತಿಗೆ ಟೈರು ಬಿಸಿಯಾಗಿ ರಸ್ತೆಯನ್ನು ಕಚ್ಚಿತು, ಎಂಜಿನ್ನು ಬಾಯಿಬಿಟ್ಟು ಹಾಡತೊಡಗಿತು. ನನ್ನ ಕಾರಿಗೆ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಅಂಥ ನಗು ಇದೆಯೆಂಬುದೂ ಮರೆತುಹೋಗಿತ್ತು. ಗುಡ್ಡದ ತುದಿಯಲ್ಲಿ ಇಳಿದಾಗ ಅವಳು “ರೀ, ನಿಮ್ಮ ಕಾರು ತುಂಬಾ ಚೆನ್ನಾಗಿದೆ” ಎಂದಳು. ‘ನಿಮ್ಮ’ ಎಂದಳು, ಗಮನಿಸಿ. ನನಗೆ ಹೇಳಲಾರದಷ್ಟು ಸಂತೋಷವಾಯಿತು. ದೂರು ಬರೆಯಬೇಕಾದವನಿಗೆ ಇಂಥ ಸಂತೋಷವನ್ನು ಉಂಟುಮಾಡಿದ್ದು ತಮ್ಮ ಅಪರಾಧಗಳಲ್ಲೆಲ್ಲ ದೊಡ್ಡದು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ನಡಿಗೆಯ ವೇಗದಲ್ಲಿ ಹೋದರೂ ತಿರುವಿನಲ್ಲಿ ಕಿರ್ರೆಂದು ಚೀರಿ ನೆರೆಹೊರೆಯವರನ್ನು ಕಿಟಕಿಗೆ ಕರೆಯುವ ಟೈರೊಂದನ್ನು ನನ್ನಂಥವರಿಗಾಗಿ ತಯಾರಿಸಬೇಕು. ತಮ್ಮ ಪರದೆಯಲ್ಲಿ ನಮ್ಮ ಬೀದಿಯನ್ನು, ನನ್ನನ್ನು ದಾಟಿ ಹೋಗುವ ಹಿರಿಯರ ಸಮೇತ, ಅಳವಡಿಸಿ ನನಗೆ ಮತ್ತೊಮ್ಮೆ ಪರೀಕ್ಷೆ ನಡೆಸಬೇಕು. ರಸ್ತೆಗಳಲ್ಲಿರುವ ತಿರುವುಗಳನ್ನೆಲ್ಲ ಸಂಬಂಧಪಟ್ಟವರಿಗೆ ಹೇಳಿ ನೇರಗೊಳಿಸಿದರೆ ಇನ್ನೂ ಉತ್ತಮ, ಆಗ ಯಾವ ಟೈರಾದರೂ ನಡೆಯುತ್ತದೆ. ಇದ್ಯಾವುದೂ ಸಾಧ್ಯವಿಲ್ಲವಾದರೆ ಬೆಕ್ಕಿನ ಮರಿಗಳು ಕೊನೆಗೂ ದಾಟಿದವೋ ಇಲ್ಲವೋ ಎಂದಾದರೂ ತಿಳಿಸಬೇಕು, ಆ ಚಿಂತೆ ನನಗೆ ಇಂದಿಗೂ ಇದೆ.

ತಮ್ಮ ಫ್ಯೂಸಿಗೆ ದೀರ್ಘಾಯುಷ್ಯ ಕೋರುತ್ತಾ,

ತಮ್ಮ ವಿಶ್ವಾಸಿ,
ಮೂರು ಸಲ ನಪಾಸಾದ ಚಾಲಕ

ಮರೆತ ಮಾತು: ಅತ್ತೆಯವರು ಮುಂದಿನ ಭಾನುವಾರ ಮಗಳ ಪಕ್ಕ ತಾವೇ ಕೂರುವುದಾಗಿ ಹೇಳಿ, ಕಪ್ಪು ಕನ್ನಡಕವನ್ನೂ ತರಿಸಿಕೊಂಡಿದ್ದಾರೆ. ಆ ಸೀಟನ್ನು ಮಾತ್ರ ಬಿಡಲಾರೆ ಎಂದು ನಾನು ಖಡಾಖಂಡಿತವಾಗಿ ತಿಳಿಸಿದ್ದೇನೆ. ಮನೆಯಲ್ಲಿ ಈಗ ಮಾತುಕತೆ ನಿಂತಿದೆ. ಟೈರು, ರಸ್ತೆ, ಚಾಲಕರ ವಿಷಯದಲ್ಲಿ ತಾವು ಸರ್ವಜ್ಞರೆಂಬುದನ್ನು ಒಪ್ಪಿದ್ದೇನೆ. ಆದರೆ ತಮ್ಮ ಪರದೆಯೊಳಗಿನ ಕಾರಿನಲ್ಲಿ ಪಕ್ಕದ ಸೀಟೇ ಇರಲಿಲ್ಲ ಸ್ವಾಮಿ, ಹಾಗಿರುವಾಗ ಕಾರಿನ ವಿಷಯ ತಮಗೇನು ಗೊತ್ತು?